ಕಮಲಕ್ಕನ ಬೆರಳಿಗಾಗಿ ಸಿಂಗಾಪುರದಲ್ಲಿ ಹುಡುಕಿದ ಕೀಬೋರ್ಡ್

ವಿಮಾನ ಬೆಂಗಳೂರು ಬಿಟ್ಟಾಗ ಬೆಳಗಿನ ಹತ್ತು ಗಂಟೆ. ನನ್ನ ಹೆಂಡತಿ ನಾಗವೇಣಿ ಕಿಟಕಿಗೆ ಹಣೆಯೊತ್ತಿ ಮೋಡ ನೋಡುತ್ತಿದ್ದಳು. ನಾನು ಮುಂದಿನ ಸೀಟಿನ ಹಿಂಬದಿಯ ಊಟದ ಹಲಗೆ ಬಿಚ್ಚಿಕೊಂಡು ಅದರ ಮೇಲೆ ಹತ್ತೂ ಬೆರಳಿನಿಂದ ಟಪಟಪ ಬಡಿಯುತ್ತಿದ್ದೆ. ಮುಂದೆ ಕೂತವರು ಎರಡು ಸಲ ತಿರುಗಿ ನೋಡಿದರು. ಮೂರನೆಯ ಸಲ ತಿರುಗುವ ಮೊದಲೇ ನಾಗವೇಣಿ ನನ್ನ ಕೈ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾಲ್ಕೂವರೆ ಗಂಟೆ ಕೂತಲ್ಲೇ ಕೂರುವುದು ನನಗೆ ಶಿಕ್ಷೆಯೇ.

ನಮ್ಮದು ಗರುಡಾಚಾರ್‌ಪಾಳ್ಯ. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಈಗ ನಾವು ಕಟ್ಟಿಸಿದ ಬಾಡಿಗೆ ರೂಮುಗಳಿವೆ. ಆ ಬಾಡಿಗೆಯ ದಯೆಯಿಂದ ಐದು ದಿನದ ಸಿಂಗಾಪುರ ಪ್ಯಾಕೇಜು. ನನ್ನ ಸ್ವಂತ ದುಡಿಮೆ ಹಲಸೂರಿನ ಜಾಬ್ ಟೈಪಿಂಗ್ ಅಂಗಡಿ. ಬಾಡಿಗೆ ಕರಾರು, ಅಫಿಡವಿಟ್ಟು, ಅರ್ಜಿ, ಏನು ಬೇಕಾದರೂ ಟೈಪ್ ಮಾಡಿಕೊಡುತ್ತೇವೆ. ನಾನು ಮಾಲೀಕನೆನ್ನುವುದು ಬೋರ್ಡಿನ ಮಾತು. ಅಂಗಡಿ ನಡೆಯುವುದು ಕಮಲಕ್ಕನಿಂದ. ಮೂವತ್ತು ವರ್ಷದ ಕೆಳಗೆ ಶಿವಾಜಿನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಬೆರಳ ಮೇಲೆ ಸ್ಕೇಲಿನಲ್ಲಿ ಹೊಡೆದು ಟೈಪಿಂಗ್ ಕಲಿಸಿದವರು ಅವರೇ. ಆ ಇನ್‌ಸ್ಟಿಟ್ಯೂಟು ಮುಚ್ಚಿದ ಮೇಲೆ ನನ್ನ ಅಂಗಡಿಗೆ ಬಂದರು.

ಅವರಿಗೆ ಸಕ್ಕರೆ ಕಾಯಿಲೆ. ಈಗೊಂದು ವರ್ಷದಿಂದ ಬೆರಳ ತುದಿ ಜೋಮು ಹಿಡಿದಂತಿದೆ. ನಮ್ಮ ಅಂಗಡಿಯ ಚಪ್ಪಟೆ ಕೀಬೋರ್ಡಿನಲ್ಲಿ ಕೀ ಒತ್ತಿತೋ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲ. ಹೋದ ತಿಂಗಳು ಒಂದು ಜಮೀನಿನ ಪತ್ರದಲ್ಲಿ ಸರ್ವೆ ನಂಬರಿನಲ್ಲಿ ನಾಲ್ಕೆಂಬ ಅಂಕಿ ಎರಡು ಸಲ ಬಿದ್ದು, ಕಕ್ಷಿಗಾರ ನೋಂದಣಿ ಕಚೇರಿಯಿಂದ ವಾಪಸ್ ಬಂದು ಅಂಗಡಿಯೆದುರು ಕೂಗಾಡಿದ. ಕಮಲಕ್ಕ ಮತ್ತೆ ಟೈಪ್ ಮಾಡಿ ಕೊಟ್ಟರು. ಅವನು ಹೋದ ಮೇಲೆ, ಇನ್ನೆರಡು ತಿಂಗಳು ಬರುತ್ತೇನೆ, ಆಮೇಲೆ ಬರುವುದಿಲ್ಲ ಎಂದರು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ.

ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ಪ್ರಿಂಗ್ ಇರುವ ಮೆಕ್ಯಾನಿಕಲ್ ಕೀಬೋರ್ಡುಗಳ ವಿಷಯ ನನಗೆ ಗೊತ್ತಿತ್ತು. ಒತ್ತಿದರೆ ಹಳೆಯ ಟೈಪ್‌ರೈಟರಿನ ಹಾಗೆ ಟಕ್ ಎನ್ನುತ್ತದಂತೆ. ಕಿವಿಗೆ ಕೇಳಿದರೆ ಬೆರಳಿಗೆ ತಿಳಿಯದಿದ್ದರೂ ನಡೆದೀತು ಎಂಬುದು ನನ್ನ ಲೆಕ್ಕ. ಆದರೆ ನಮ್ಮೂರಲ್ಲಿ ನಾನು ವಿಚಾರಿಸಿದ ಕಡೆಯೆಲ್ಲ ಡಬ್ಬಿ ಬಿಚ್ಚಲು ಒಪ್ಪಲಿಲ್ಲ. ಆನ್‌ಲೈನಿನಲ್ಲಂತೂ ಚಿತ್ರ ಮುಟ್ಟಿ ನೋಡಲಾಗದು. ಸಿಂಗಾಪುರದಲ್ಲಿ ಹತ್ತಾರು ಬಗೆಯನ್ನು ಮೇಜಿನ ಮೇಲಿಟ್ಟಿರುತ್ತಾರೆ ಎಂದು ನಮ್ಮ ಬಾಡಿಗೆ ರೂಮಿನ ಹುಡುಗನೊಬ್ಬ ಹೇಳಿದ್ದೇ ತಡ, ನಾಗವೇಣಿಯ ಬಹುದಿನದ ಪ್ರವಾಸದ ಬೇಡಿಕೆಗೆ ತಟ್ಟನೆ ಒಪ್ಪಿದೆ. ಅವಳಿಗೆ ಅನುಮಾನ ಬಂದಿತ್ತು, ಆದರೆ ಟಿಕೆಟ್ಟು ಬರುವವರೆಗೆ ಬಾಯಿ ಬಿಡಲಿಲ್ಲ.

ಅಲ್ಲಿ ಇಳಿದಾಗ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿತ್ತು. ಬಿಸಿಲಿಗಿಂತ ಸೆಕೆಯೇ ಹೆಚ್ಚು. ಒದ್ದೆ ಟವೆಲ್ ಹೊದ್ದುಕೊಂಡು ನಡೆದ ಹಾಗಿತ್ತು. ಹೋಟೆಲು ಲಿಟಲ್ ಇಂಡಿಯಾದಲ್ಲಿ. ಕೆಳಗೇ ಇಡ್ಲಿ, ಹೂವಿನಂಗಡಿ, ಚಿನ್ನದಂಗಡಿ. ಇದನ್ನು ನೋಡಲು ವಿಮಾನ ಹತ್ತಬೇಕಿತ್ತೇ, ಹಲಸೂರು ಸಂತೆಬೀದಿಗೆ ಆಟೋದಲ್ಲಿ ಹೋಗಬಹುದಿತ್ತು ಎಂದು ನಾಗವೇಣಿ ಅಂದಳು. ಮೊದಲ ಎರಡು ದಿನ ನಮ್ಮನ್ನು ಬಸ್ಸಿನಲ್ಲಿ ಕುರಿಗಳ ಹಾಗೆ ತುಂಬಿ ತಿರುಗಿಸಿದರು. ಸಿಂಹದ ಬಾಯಿಂದ ನೀರು ಬೀಳುವುದನ್ನು ನೋಡಿದೆವು, ಹಕ್ಕಿಗಳನ್ನು ನೋಡಿದೆವು, ಒಂದು ಗಾಜಿನ ಸುರಂಗದಲ್ಲಿ ತಲೆಯ ಮೇಲೆ ಈಜುವ ಮೀನು ನೋಡಿದೆವು. ಎಲ್ಲರೂ ಫೋಟೊ ತೆಗೆಯುವಾಗ ನಾನು ಗಡಿಯಾರ ನೋಡುತ್ತಿದ್ದೆ. ಟೂರ್ ಮ್ಯಾನೇಜರ್ ನನ್ನನ್ನು ಅರ್ಜೆಂಟ್ ಅಂಕಲ್ ಎಂದು ಕರೆಯತೊಡಗಿದ್ದ.

ಮೂರನೆಯ ದಿನ ಬೆಳಗ್ಗೆ ಹತ್ತರಿಂದ ಶಾಪಿಂಗಿಗೆಂದು ನಾಲ್ಕು ತಾಸು ಬಿಟ್ಟರು. ಎರಡು ಗಂಟೆಗೆ ಬಸ್ಸು ಕಡಲ ತೀರದ ಉದ್ಯಾನಕ್ಕೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ ಎಂದು ಮ್ಯಾನೇಜರ್ ನನ್ನ ಮುಖ ನೋಡಿಕೊಂಡೇ ಹೇಳಿದ. ನಾಗವೇಣಿಯನ್ನು ಸೀರೆಯಂಗಡಿಯ ಬಳಿ ಬಿಟ್ಟು ಮೆಟ್ರೋ ಹಿಡಿದೆ. ಟಿಕೆಟ್ಟೇ ಇಲ್ಲ, ಬ್ಯಾಂಕಿನ ಕಾರ್ಡು ತೋರಿಸಿದರೆ ಗೇಟು ತೆರೆಯುತ್ತದೆ. ಖರ್ಚು ಒಂದು ಡಾಲರು ಚಿಲ್ಲರೆ. ಸ್ಟೇಷನ್ನಿನಿಂದ ಹೊರಬಂದರೆ ಆರಂತಸ್ತಿನ ಕಟ್ಟಡ, ತುಂಬ ಕಂಪ್ಯೂಟರ್ ಅಂಗಡಿಗಳು.

ಮೊದಲ ಅಂಗಡಿಯಲ್ಲಿ ಕೀಬೋರ್ಡುಗಳು ದೀಪಾವಳಿ ಸೀರಿಯಲ್ ಸೆಟ್ಟಿನ ಹಾಗೆ ಮಿನುಗುತ್ತಿದ್ದವು. ಮಾರುವವನು ಯಾವ ಗೇಮು ಆಡುತ್ತೀರಿ ಎಂದು ಕೇಳಿದ. ಅಫಿಡವಿಟ್ಟು ಎಂದೆ. ಆ ಗೇಮು ತನಗೆ ಗೊತ್ತಿಲ್ಲ ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಎರಡನೆಯದರಲ್ಲಿ ಸದ್ದೇ ಬಾರದ ಕೀಬೋರ್ಡು ಬಲು ಶ್ರೇಷ್ಠವೆಂದು ತೋರಿಸಿದರು. ಮೂರು, ನಾಲ್ಕು, ಐದು ಅಂಗಡಿ ಹತ್ತಿ ಇಳಿದೆ. ಎಲ್ಲವೂ ನನ್ನ ಬೆರಳಿಗೆ ಬೆಣ್ಣೆಯಂತೆ ಹಿತವಾಗಿದ್ದವು. ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ ಹನ್ನೆರಡೂವರೆ ಆಯಿತು. ಬೆವರು, ಹಸಿವು, ಮೈಯೆಲ್ಲ ಚಡಪಡಿಕೆ.

ನಾಲ್ಕನೆಯ ಮಹಡಿಯ ಮೂಲೆಯ ಅಂಗಡಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ಕೂತು ಕೀಲಿಗಳನ್ನು ಬ್ರಷ್ಷಿನಲ್ಲಿ ಉಜ್ಜುತ್ತಿದ್ದರು. ನನ್ನ ಇಂಗ್ಲಿಷ್ ಕೇಳಿ ತಮಿಳಿನಲ್ಲಿ ಮಾತಾಡಿಸಿದರು. ಹಲಸೂರಿನವನಿಗೆ ತಮಿಳೇನು ಹೊಸದೇ. ಹೆಸರು ವಳ್ಳಿ, ಹುಟ್ಟಿದ್ದು ಅಲ್ಲೇ. ನಾನು ಹಗುರವಾದ ಒಂದು ಕೀಬೋರ್ಡನ್ನು ಮೆಚ್ಚಿ, ಇದೇ ಇರಲಿ, ಬೇಗ ಬಿಲ್ ಹಾಕಿ ಎಂದು ಅವಸರ ಮಾಡಿದೆ. ಅವರು ಬಿಲ್ ಹಾಕಲಿಲ್ಲ. ಯಾರಿಗೆ ಎಂದು ಕೇಳಿದರು. ಹೇಳಿದೆ.

ಎಲ್ಲ ಕೇಳಿ ಅವರು ಡ್ರಾಯರಿನಿಂದ ದಪ್ಪ ರಬ್ಬರಿನ ಗ್ಲೌಸು ತೆಗೆದರು. ಒಂದರ ಮೇಲೊಂದು ಎರಡು ಜೊತೆ ನನ್ನ ಕೈಗೆ ತೊಡಿಸಿದರು.

"ನಿಮ್ಮ ಬೆರಳಿಗೆ ಹಿತವಾದದ್ದನ್ನ ತಗೊಂಡು ಅವರೇನು ಮಾಡ್ಲಿ? ಈಗ ಹೊಡೀರಿ ನೋಡೋಣ" ಎಂದರು.

ನನ್ನ ಫೋನನ್ನೇ ಕೀಬೋರ್ಡಿಗೆ ಜೋಡಿಸಿ, ಬಾಡಿಗೆ ಕರಾರಿನ ಮೊದಲ ಸಾಲುಗಳನ್ನು ಇಂಗ್ಲಿಷಿನಲ್ಲಿ ಹೊಡೆದೆ. ಹಗುರವಾದ ಕೀಬೋರ್ಡಿನಲ್ಲಿ ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬೀಳುತ್ತಿತ್ತು, ಒಂದಕ್ಕೆ ಮೂರು. ಯಾವ ಬೆರಳು ಎಲ್ಲಿದೆಯೆಂದೇ ತಿಳಿಯಲಿಲ್ಲ. ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಸಾಕುಸಾಕಾಯಿತು. ಒಂದು ವರ್ಷ ಕಮಲಕ್ಕ ದಿನಕ್ಕೆ ಎಂಟು ಗಂಟೆ ಹೀಗೆ ಕೆಲಸ ಮಾಡಿದ್ದಾರೆ, ನಾನು ಪಕ್ಕದಲ್ಲೇ ಕೂತು ಬೇಗ ಬೇಗ ಎಂದಿದ್ದೇನೆ. ನನಗೆ ನಾಚಿಕೆಯಾಯಿತು. ಕಣ್ಣು ತುಂಬಿದ್ದು ವಳ್ಳಿಯವರಿಗೆ ಕಾಣದಿರಲೆಂದು ತಲೆ ಬಗ್ಗಿಸಿ ಹೊಡೆಯುತ್ತಲೇ ಇದ್ದೆ.

ಒಂದೊಂದಾಗಿ ಒಂಬತ್ತು ಕೀಬೋರ್ಡು ಬದಲಾಯಿಸಿದರು. ಕೊನೆಗೆ ಬಂದದ್ದು ಬೂದು ಬಣ್ಣದ್ದು, ಇಟ್ಟಿಗೆಯಷ್ಟು ಭಾರ, ದೀಪ ಗೀಪ ಇಲ್ಲ. ಕೀಲಿ ಗಡುಸು. ಬೆರಳು ಇಟ್ಟರೆ ಸುಮ್ಮನಿರುತ್ತದೆ, ಬಲವಾಗಿ ಒತ್ತಿದರೆ ಟಕ್ ಎನ್ನುತ್ತದೆ. ಗ್ಲೌಸಿನಲ್ಲೇ ಒಂದು ಪುಟ ಹೊಡೆದೆ; ತಪ್ಪು ಎರಡೇ. ನೂರ ನಲವತ್ತೊಂಬತ್ತು ಡಾಲರು. ಕನ್ನಡದಲ್ಲಿ ಒತ್ತಕ್ಷರಕ್ಕೆಲ್ಲ ನಾವು ಎಫ್ ಕೀಲಿಯನ್ನೇ ಒತ್ತಬೇಕು, ನಮ್ಮಂಗಡಿಯ ಕೀಬೋರ್ಡುಗಳಲ್ಲಿ ಮೊದಲು ಸಾಯುವುದು ಅದೇ ಎಂದಾಗ ವಳ್ಳಿ ನಕ್ಕು, ಆ ಒಂದು ಕೀಲಿಯ ಕೆಳಗೆ ಹಾಕಲೆಂದು ನಾಲ್ಕು ಬಿಡಿ ಸ್ಪ್ರಿಂಗ್ ಸ್ವಿಚ್ಚುಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು.

ಹೊರಬಂದಾಗ ಎರಡೂ ಹತ್ತು. ಮಳೆ ಬೇರೆ. ಡಬ್ಬಿಯನ್ನು ಅಂಗಿಯೊಳಗೆ ಅವುಚಿಕೊಂಡು ಓಡಿದೆ. ಬಸ್ಸು ಹೋಗಿಯೇ ಬಿಟ್ಟಿತ್ತು. ದಾರಿ ಕೇಳಿಕೊಂಡು, ಎರಡು ರೈಲು ಬದಲಿಸಿ ಉದ್ಯಾನ ತಲುಪುವಾಗ ನಾಲ್ಕಾಗಿತ್ತು. ನಾಗವೇಣಿ ಮೊಸರನ್ನದ ಪೊಟ್ಟಣ ಹಿಡಿದು ಗೇಟಿನಲ್ಲೇ ಕೂತಿದ್ದಳು. ಹೂವಿನ ಗಾಜಿನ ಮನೆಯ ಒಳಗೆ ಹೋಗದೆ ಕಾದಿದ್ದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವಳು ಡಬ್ಬಿ ನೋಡಿ, "ಕಮಲಕ್ಕಂಗಾ? ಮೊದ್ಲೇ ಹೇಳಿದ್ರೆ ನಾನೂ ಬರ್ತಿರ್ಲಿಲ್ವಾ" ಎಂದಳು, ಅಷ್ಟೇ.

ಉಳಿದೆರಡು ದಿನ ಏನು ನೋಡಿದೆನೋ ನೆನಪಿಲ್ಲ. ಊರಿಗೆ ಬಂದ ಮರುದಿನ ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೋ ಹತ್ತಿದೆ. ಕೆ.ಆರ್.ಪುರದಲ್ಲಿ ನುಗ್ಗಿದ ಜನ ಇಂದಿರಾನಗರದವರೆಗೆ ಡಬ್ಬಿಯನ್ನು ನನ್ನ ಎದೆಗೆ ಒತ್ತುತ್ತಲೇ ಇದ್ದರು. ಹಲಸೂರಿನಲ್ಲಿ ಇಳಿದು ಅಂಗಡಿಗೆ ಹೆಚ್ಚುಕಡಿಮೆ ಓಡಿಯೇ ಹೋದೆ.

ಕಮಲಕ್ಕ ಕೀಬೋರ್ಡನ್ನು ತೂಗಿ ನೋಡಿದರು, ಮೂಸಿ ನೋಡಿದರು. "ಇದಕ್ಕೆ ಅಲ್ಲೀವರ್ಗೂ ಹೋದ್ಯಾ" ಎಂದು ಗದರಿದರು. ತಂತಿ ಸಿಕ್ಕಿಸಿ ಕೊಟ್ಟೆ. ಅಷ್ಟರಲ್ಲಿ ಬಾಡಿಗೆ ಕರಾರಿನವರು ಬಂದದ್ದರಿಂದ ನಾನು ಬಾಗಿಲ ಬಳಿ ಅವರ ಕಾಗದ ನೋಡುತ್ತ ನಿಂತೆ. ಬೆನ್ನ ಹಿಂದೆ ಸದ್ದು ಶುರುವಾಯಿತು. ಮೊದಲು ಒಂದು, ನಿಂತು ಇನ್ನೊಂದು, ಆಮೇಲೆ ಎಡೆಬಿಡದೆ. ಎಷ್ಟೋ ದಿನದ ಮೇಲೆ ಆ ವೇಗ. ಅವರು ಇನ್ನು ಹೋಗುವುದಿಲ್ಲ ಎಂದುಕೊಂಡೆ. ಖುಷಿಗೆ ಕಕ್ಷಿಗಾರನ ಹೆಸರನ್ನು ಎರಡು ಸಲ ಕೇಳಿದೆ.

ಪ್ರಿಂಟರಿನಿಂದ ಹಾಳೆ ಬಂತು. ಕಮಲಕ್ಕ ಎದ್ದು ಬಂದು ನನ್ನ ಕೈಗಿಟ್ಟರು. 'ಟೈಪಿಂಗ್ ಬಲ್ಲವರು ಬೇಕಾಗಿದ್ದಾರೆ. ಕನ್ನಡ, ಇಂಗ್ಲಿಷ್ ಎರಡೂ ಬರಬೇಕು. ಒಂದು ತಿಂಗಳು ಜೊತೆಯಲ್ಲಿ ಕೂತು ಕೆಲಸ ಕಲಿಸಲಾಗುವುದು.' ಕೆಳಗೆ ಅಂಗಡಿಯ ವಿಳಾಸ.

"ಕೈ ಮಾತು ಕೇಳ್ತಿದೆ ಮುನಿರಾಜು. ಕೇಳ್ತಿರೋವಾಗ್ಲೇ ಎದ್ದು ಹೋಗ್ಬೇಕು. ತಪ್ಪು ಮಾಡಿ ಬಿಟ್ಟೋದ್ಳು ಅನ್ನಿಸ್ಕೊಂಡು ಹೋಗೋಕೆ ನಂಗಿಷ್ಟ ಇರ್ಲಿಲ್ಲ" ಎಂದರು.

ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ಎಲ್ಲಾದರೂ ಒಂದು ತಪ್ಪು ಸಿಕ್ಕಿದರೆ ಮತ್ತೆ ಹೊಡೆಯಲು ಕೂರಿಸಬಹುದೆಂದು ಅಕ್ಷರ ಅಕ್ಷರ ಹುಡುಕಿದೆ. ಸಿಗಲಿಲ್ಲ. ಗಮ್ ಟೇಪ್ ತೆಗೆದುಕೊಂಡು ಹೊರಗೆ ಹೋಗಿ ಬಾಗಿಲ ಗಾಜಿಗೆ ಅಂಟಿಸಿದೆ.