ಆಫ್ ಸೈಡ್ ಎಂದ ಡ್ರೈವರ್ ಮಾವ

ಮೊನ್ನೆ ಮೊಮ್ಮಗಳು ತೊಗಲಿನ ಹೊಸ ಫುಟ್‌ಬಾಲನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಆ ವಾಸನೆಗೆ ಆದೋನಿಯ ನಮ್ಮ ಪಕ್ಕದ ಮನೆಯ ಡ್ರೈವರ್ ಮಾವ ನೆನಪಾದರು. ಅವರ ಅಂಗಿಗೂ ಸದಾ ಇದೇ ವಾಸನೆ, ದೊರೆಯ ಕಾರಿನ ಸೀಟಿನದು...

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಮಾವ ಹತ್ತಿ ಪ್ರೆಸ್ಸಿನ ಬಿಳಿ ದೊರೆಯ ಕಾರು ನಡೆಸುತ್ತಿದ್ದರು. ನಾನು ಅಲ್ಲೇ ಅಂಡಿಗೆ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆ, ತೂಗುವ ಗುಮಾಸ್ತ, ಊರಿನ ತಂಡಕ್ಕೆ ಗೋಲ್‌ಕೀಪರ್. ಸಂಜೆ ಕಾರು ತೊಳೆಯುತ್ತ ಮಾವ ಹೇಳಿಕೊಡುತ್ತಿದ್ದರು, "ಎಡಕ್ಕಿರೋದು ನಿಯರ್ ಸೈಡ್, ಬಲಕ್ಕಿರೋದು ಆಫ್ ಸೈಡ್. ಡ್ರೈವರ್ ಕುಂದ್ರೋದು ಆಫ್ ಸೈಡಿನ್ಯಾಗ."

"ಆಟದಾಗ ಆಫ್ ಸೈಡ್ ಅಂದ್ರ ತಪ್ಪಲ್ಲೇನ್ರಿ ಮಾವ?"

"ಅದು ಬ್ಯಾರೆ. ಚೆಂಡು ಬರೋಕಿಂತ ಮುಂಚೇನ ಎದುರಿನವರ ಬೆನ್ನ ಹಿಂದ ಹೋಗಿ ಕಾಯೋದು. ಕಳ್ಳರ ಕೆಲಸ."

ಆ ವರ್ಷ ದೊರೆಯೂ ಆಡುತ್ತಿದ್ದ ಪ್ರೆಸ್ಸಿನ ಅಧಿಕಾರಿಗಳ ತಂಡಕ್ಕೂ ನಮಗೂ ಪಂದ್ಯ. ಸೀಟಿ ಊದಬೇಕಿದ್ದ ಮೇಷ್ಟ್ರಿಗೆ ಜ್ವರ ಬಂತು. ನಿಯಮ ಬಲ್ಲವರೆಂದು ಮಾವನನ್ನೇ ನಿಲ್ಲಿಸಿದರು. ಆಟ ಮುಗಿಯಲು ಸ್ವಲ್ಪವೇ ಇದ್ದಾಗ ದೊರೆ ಚೆಂಡನ್ನು ಬಲೆಗೆ ಒದ್ದ. ನಾನು ಹಾರಿದರೂ ಸಿಗಲಿಲ್ಲ. ಅಷ್ಟರಲ್ಲಿ ಸೀಟಿ.

"ಆಫ್ ಸೈಡ್! ಗೋಲಿಲ್ಲ!"

ದೊರೆಯ ಮುಖ ಕೆಂಪಾಯಿತು. ಆಫ್ ಸೈಡ್ ಅಂದರೆ ನನ್ನ ಕಾರಿನಲ್ಲಿ ನಿನ್ನ ಸೀಟು, ಅಷ್ಟೇ ನಿನಗೆ ಗೊತ್ತಿರುವುದು ಎಂದು ಹರುಕು ತೆಲುಗಿನಲ್ಲಿ ಕೂಗಿದ.

"ಖರೇ ದೊರಿ. ಕಾರಿನ್ಯಾಗ ಅದು ನನ್ನ ಜಾಗ. ಇಲ್ಲಿ ಆಫ್ ಸೈಡಿನ್ಯಾಗ ನಿಂತೋರು ನೀವು," ಅಂದರು ಮಾವ.

ದೊರೆ ನನ್ನತ್ತ ತಿರುಗಿ, ಗೋಲು ಹೌದೋ ಅಲ್ಲವೋ ಹೇಳು ಅಂದ. ಅವನು ನಮ್ಮವರೆಲ್ಲರನ್ನೂ ದಾಟಿ ನನ್ನೆದುರು ಒಬ್ಬನೇ ಕಾದಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಮರುದಿನ ಅವನ ಪ್ರೆಸ್ಸಿಗೇ ಹೋಗಬೇಕಿತ್ತು... ತಲೆ ತಗ್ಗಿಸಿದೆ.

ಬೆಳಿಗ್ಗೆ ದೊರೆ ಮಾವನನ್ನು ಕಚೇರಿಗೆ ಕರೆಸಿದ. ಅದು ಗೋಲೇ ಎಂದು ಎಲ್ಲರೆದುರು ಒಪ್ಪಿಕೊ, ಇಲ್ಲವೇ ಕೆಲಸ ಬಿಡು ಅಂದ. ಮಾವ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಟೋಪಿ ತೆಗೆದು ಅದರ ಪಕ್ಕಕ್ಕಿಟ್ಟು ಹೊರಬಂದರು. ನಾನು ಮನೆಯವರೆಗೆ ಹಿಂದೆಯೇ ನಡೆದೆ. ಅತ್ತೆ ಬಾಗಿಲಲ್ಲಿದ್ದರು.

"ಕೆಲಸ ಹೋತು," ಅಂದರು ಮಾವ.

"ಸೀಟಿ ತಪ್ಪು ಊದಿದ್ರೇನು?"

"ಇಲ್ಲ."

"ಹಂಗಾರ ಕೈಕಾಲು ತೊಳಕೋರಿ. ರೊಟ್ಟಿ ಆರತಾವ."

ದೊರೆಗೆ ಹೆದರಿ ಆದೋನಿಯಲ್ಲಿ ಯಾರೂ ಅವರಿಗೆ ಗಾಡಿ ಕೊಡಲಿಲ್ಲ. ತಿಂಗಳುಗಟ್ಟಲೆ ಅಲೆದ ಮೇಲೆ ಎಮ್ಮಿಗನೂರಿನವರೊಬ್ಬರು ಓಡಿಸಲು ಬಸ್ಸು ಕೊಟ್ಟರು. ಅವತ್ತು ಹಿಡಿದ ಸೀಟಿಯನ್ನು ಮಾತ್ರ ಮಾವ ಬಿಡಲಿಲ್ಲ, ಭಾನುವಾರದ ಪಂದ್ಯಗಳಿಗೆಲ್ಲ ಅವರೇ ಊದುತ್ತಿದ್ದರು. ಅವರಿದ್ದರೆ ಆಡುವುದಿಲ್ಲ ಎಂದು ದೊರೆ ಹೇಳಿ ಕಳಿಸಿದ. "ಬರದಿದ್ರ ಬಿಡಲಿ. ನಾ ಅಂತೂ ಬರತೀನಿ," ಅಂದರು.

ನನ್ನನ್ನು ಅವರು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಮಾವ ಹೋಗಿ ಎಷ್ಟೋ ಕಾಲವಾಯಿತು. ಅವತ್ತು ಆಡಿದವರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಈಗ ಹೇಳಿದರೆ ಅವರ ಕಿವಿಗೆ ಬೀಳುವುದಿಲ್ಲ. ಆದರೂ ಗೋಲಿನಲ್ಲಿ ನಿಂತಿದ್ದವನು ನಾನು, ನಾನೇ ಹೇಳುತ್ತೇನೆ: ಅದು ಗೋಲಲ್ಲ.