ಮೂರು ಗೆರೆಯ ಗೋಡೆ

ರಾಯದುರ್ಗದಲ್ಲಿ ನಮ್ಮ ಸ್ವಂತ ಮನೆಗೆ ಬಂದ ಮೇಲೆ ನನ್ನನ್ನು ಮೊದಲು ಕಾಡಿದ್ದು ನಡುಮನೆಯ ಒಂದು ಖಾಲಿ ಗೋಡೆ. ಉಳಿದ ಗೋಡೆಗಳಲ್ಲಿ ಬಾಗಿಲು, ಕಿಟಕಿ, ಟಿವಿ ಏನಾದರೊಂದು ಇತ್ತು. ಪಡುವಣ ಗೋಡೆಯಲ್ಲಿ ಏನೂ ಇರಲಿಲ್ಲ. ಅದರೆದುರು ಊಟಕ್ಕೆ ಕೂತರೆ ಯಾರೋ ಈಗಷ್ಟೇ ಎದ್ದುಹೋದ ಜಾಗವನ್ನು ನೋಡುತ್ತಿರುವ ಹಾಗೆ ಅನ್ನಿಸುತ್ತಿತ್ತು. ಮಗಳು ಅದಕ್ಕೆ ಆಸ್ಪತ್ರೆ ಗೋಡೆ ಎಂದು ಹೆಸರಿಟ್ಟಿದ್ದಳು.

ನನ್ನ ಗಂಡ ಇಲ್ಲಿನ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪ್ಯಾಂಟಿನ ಜೇಬು ಹೊಲಿದುಕೊಡುತ್ತೇನೆ. ಅಂಗಡಿಯಲ್ಲಿ ದೊಡ್ಡ ಚಿತ್ರ ಕೊಳ್ಳುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಒಂದು ಭಾನುವಾರ ಮಗಳು ಮೊಬೈಲಿನಲ್ಲಿ ತೆಲುಗಿನ ವಿಡಿಯೊ ತೋರಿಸಿದಳು. ಯಾವುದೋ ಊರಿನ ಹೆಂಗಸು ಚೌಕಟ್ಟಿಗೆ ಬಟ್ಟೆ ಬಿಗಿದು, ಗೋಡೆಗೆ ಹಚ್ಚುವ ಪುಟ್ಟಿಯನ್ನು ಅದರ ಮೇಲೆ ಬೆಣ್ಣೆಯಂತೆ ಹರಡಿ, ತಲೆ ಬಾಚುವ ಬಾಚಣಿಗೆಯನ್ನು ಅಡ್ಡಡ್ಡ ಎಳೆದಳು. ಮರಳಿನ ಮೇಲೆ ಗಾಳಿ ಬೀಸಿದಂಥ ಅಲೆಗಳೆದ್ದವು. ಇಷ್ಟೇನಾ ಎಂದುಕೊಂಡೆ.

ಅಷ್ಟೇ ಆಗಿರಲಿಲ್ಲ. ಬಣ್ಣ ಬಳಿದವರು ಬಿಟ್ಟುಹೋದ ಅರ್ಧ ಚೀಲ ಪುಟ್ಟಿ, ಬಾಗಿಲ ಕೆಲಸದಲ್ಲಿ ಉಳಿದ ಮರದ ಪಟ್ಟಿಗಳು, ಗಂಡ ಯೂನಿಟ್ಟಿನಿಂದ ತಂದ ತುಂಡು ಬಟ್ಟೆ, ಎಲ್ಲವೂ ಮನೆಯಲ್ಲೇ ಇದ್ದವು. ಆದರೆ ನನ್ನ ಮೊದಲ ಕ್ಯಾನ್ವಾಸ್ ಒಣಗುವ ಮೊದಲೇ ಬಿರುಕುಬಿಟ್ಟು ಹಪ್ಪಳದಂತೆ ಉದುರಿತು. ಆಮೇಲೆ ನಿಧಾನವಾಗಿ ಕಲಿತೆ. ಬಟ್ಟೆಯನ್ನು ಚೌಕಟ್ಟಿನ ಮೂಲೆಯಿಂದ ಎಳೆಯಬಾರದು, ಪ್ರತಿ ಬದಿಯ ನಡುವಿನಿಂದ ಮೊಳೆ ಹೊಡೆಯುತ್ತ ಮೂಲೆಗೆ ಹೋಗಬೇಕು. ಬಡಗಿಗಳು ಬಳಸುವ ಬಿಳಿ ಗೋಂದನ್ನು ನೀರಾಗಿಸಿ ಬಟ್ಟೆಗೆ ಒಮ್ಮೆ ಹಚ್ಚಿ ಒಣಗಿಸಬೇಕು. ಅದೇ ಗೋಂದನ್ನು ಪುಟ್ಟಿಗೂ ಬೆರೆಸಿ ರೊಟ್ಟಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಬೇಕು. ಬಿಸಿಲಿಗಿಡದೆ ನೆರಳಲ್ಲೇ ಒಣಗಿಸಬೇಕು. ಎಲ್ಲಾ ಒಣಗಿದ ಮೇಲೆ ಉಳಿದ ಗೋಡೆಬಣ್ಣಕ್ಕೆ ಚಿಟಿಕೆ ಕಾವಿ ಕಲಸಿ ಬಳಿದರೆ ಉಬ್ಬು ತಗ್ಗುಗಳು ಎದ್ದು ಕಾಣುತ್ತಿದ್ದವು.

ಬಾಚಣಿಗೆಯ ಅಲೆಗಳದ್ದು ಒಂದು, ಬೇವಿನ ಎಲೆ ಒತ್ತಿದ್ದು ಒಂದು ಚೆನ್ನಾಗಿ ಬಂದವು. ಪಕ್ಕದ ಮನೆಯವರು ನೋಡಿ, ನಮಗೂ ಒಂದು ಮಾಡಿಕೊಡ್ರಿ ಎಂದರು. ಮಾಡಿಕೊಟ್ಟೆ. ಆ ದಿನಗಳಲ್ಲಿ ನಾನು ಬಹಳ ಖುಷಿಯಾಗಿದ್ದೆ.

ಪಡುವಣ ಗೋಡೆಗೆಂದು ದೊಡ್ಡದೊಂದನ್ನು ಮಾಡಲು ಕೂತದ್ದು ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು, ಬೀದಿಯ ಯಾವ ಮನೆಯಲ್ಲೂ ಮಿಷನ್ ಓಡುತ್ತಿರಲಿಲ್ಲ. ಪುಟ್ಟಿ ಹರಡಿದ ಮೇಲೆ ನೋಡಿದರೆ ಬಾಚಣಿಗೆ ಸಿಗಲಿಲ್ಲ. ಹುಡುಕುತ್ತ ಹೋದರೆ ಪುಟ್ಟಿ ಬಿಗಿದುಕೊಳ್ಳುತ್ತದೆ. ಕೈಯನ್ನೇ ಒದ್ದೆ ಮಾಡಿಕೊಂಡು ಬೆರಳಗಲಿಸಿ ಎಡದಿಂದ ಬಲಕ್ಕೆ ಕಮಾನಿನಂತೆ ಎಳೆದೆ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಕೆಲಸ ಸರಾಗವಾಗಿ ಸಾಗಿತು, ಎಷ್ಟೋ ವರ್ಷ ಮಾಡಿ ರೂಢಿಯಾದವಳ ಹಾಗೆ. ಇಡೀ ಬಟ್ಟೆ ತುಂಬಿದ ಮೇಲೆ ಎದ್ದು ದೂರ ನಿಂತು ನೋಡಿದೆ.

ಪ್ರತಿ ಕಮಾನಿನಲ್ಲೂ ಮೂರೇ ಗೆರೆಗಳಿದ್ದವು. ಎರಡು ಒತ್ತಾಗಿ, ಆಮೇಲೆ ಒಂದು ಬೆರಳಿನಷ್ಟು ಖಾಲಿ, ಆಮೇಲೆ ಒಂದು. ಆ ಗೋಡೆಯನ್ನು ನಾನು ಬಲ್ಲೆ.

ನಾನು ಹುಟ್ಟಿದ್ದು ಮಡಕಶಿರದ ಕಡೆ, ರೊಳ್ಳದ ಹತ್ತಿರದ ಒಂದು ಹಳ್ಳಿಯಲ್ಲಿ. ನಾನಿನ್ನೂ ಶಾಲೆಗೆ ಸೇರದಿದ್ದಾಗಲೇ ಅವ್ವ ಜ್ವರ ಬಂದು ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ, ಫೋಟೊ ಕೂಡ ಇಲ್ಲ. ನೆನಪಿರುವುದು ಗೋಡೆ. ನಮ್ಮದು ಮಣ್ಣಿನ ಮನೆ. ನಾನು ಮಲಗುತ್ತಿದ್ದ ಮೂಲೆಯ ಗೋಡೆಯನ್ನು ಕೆಮ್ಮಣ್ಣು, ಸಗಣಿ, ಹೊಟ್ಟು ಕಲಸಿ ಕೈಯಿಂದ ಮೆತ್ತಿದ್ದರು, ಬೆರಳ ಗುರುತು ಕಮಾನು ಕಮಾನಾಗಿ ಉಳಿದಿತ್ತು. ಅವ್ವನ ಬಲಗೈ ಉಂಗುರ ಬೆರಳಿಗೆ ಯಾವಾಗಲೋ ಕುಡುಗೋಲು ತಾಗಿ, ಅದು ಅಂಗೈಯೊಳಕ್ಕೆ ಮಡಚಿಕೊಂಡೇ ಉಳಿದಿತ್ತಂತೆ. ಹಾಗಾಗಿ ಗೋಡೆಯ ಮೇಲೆ ಅವಳದು ಮೂರೇ ಗೆರೆ. ಅದು ಅವ್ವನ ಗೋಡೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಿದ್ದೆ ಬರುವ ತನಕ ನಾನು ಆ ತಗ್ಗುಗಳಲ್ಲಿ ನನ್ನ ಬೆರಳುಗಳನ್ನಿಟ್ಟು ಎಳೆಯುತ್ತಿದ್ದೆ. ನಾನು ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಅಪ್ಪ ಆ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದ. ಆ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಗಂಡ ಬಂದಾಗಲೂ ನಾನು ಕ್ಯಾನ್ವಾಸಿನ ಎದುರೇ ಕೂತಿದ್ದೆ. ವಿಷಯ ಹೇಳಿದೆ. ಆತ ಬಗ್ಗಿ ನೋಡಿ, ಚೌಕಟ್ಟನ್ನು ಎತ್ತಿ ಹಿಂಬದಿಯನ್ನೂ ನೋಡಿದ.

"ಯಾಕ ಹೆದರತಿ? ಇಲ್ಲಿ ನೋಡು, ಬಟ್ಟಿ ಜೋಡಿಸಿ ಹೊಲದೀವಿ. ಹೊಲಿಗಿ ಉಬ್ಬಿದಲ್ಲಿ ಬೆರಳು ಸರಿಯಾಗಿ ಊರಿಲ್ಲ, ಅಷ್ಟ."

ಹಿಂಬದಿಯಲ್ಲಿ ಹೊಲಿಗೆಗಳಿದ್ದದ್ದು ನಿಜ. ಸಮಾಧಾನವಾಯಿತು. ಹಿಂದೆಯೇ ಏನನ್ನೋ ಕಳಕೊಂಡ ಹಾಗೂ ಆಯಿತು. ಮರುದಿನ ಗಂಡ, ಮಗಳು ಹೊರಗೆ ಹೋದ ಮೇಲೆ ಹೊದೆಯುವ ಹಳೆಯ ದುಪ್ಪಡಿಯೊಂದನ್ನು ಕತ್ತರಿಸಿ, ಒಂದೂ ಹೊಲಿಗೆಯಿಲ್ಲದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದೆ. ಗೋಂದು ಒಣಗಿದ ಮೇಲೆ ಪುಟ್ಟಿ ಹರಡಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಕೈಯೆಳೆದೆ. ನೋಡಿದರೆ ಮತ್ತೆ ಮೂರೇ.

ಇದನ್ನು ನಾನು ಗಂಡನಿಗೆ ಹೇಳಲಿಲ್ಲ. ಆ ಕ್ಯಾನ್ವಾಸನ್ನು ಮಗಳ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒರಗಿಸಿದೆ. ಮೊದಲಿನದನ್ನು ಕೆರೆದುಹಾಕಿದೆ. ಪುಟ್ಟಿಯ ಚೀಲದ ಬಾಯಿ ಕಟ್ಟಿ ಅಟ್ಟಕ್ಕೆ ಎಸೆದೆ. ಆದರೂ ಜೇಬು ಹೊಲಿಯುತ್ತ ಮಿಷನ್ ನಿಲ್ಲಿಸಿದಾಗ ಮಗಳ ಕೋಣೆಯಿಂದ ಒದ್ದೆ ಮಣ್ಣನ್ನು ಅಂಗೈಯಿಂದ ತಟ್ಟುವ ಸದ್ದು ಕೇಳುತ್ತಿತ್ತು. ಮತ್ತೆ ಮಿಷನ್ ಓಡಿಸಿದರೆ ಇಲ್ಲ. ಪುಟ್ಟಿಗೆ ಸುಣ್ಣದ ವಾಸನೆ, ಕೋಣೆಯಲ್ಲಿ ಮಾತ್ರ ಸಗಣಿ ಕಲಸಿದ ಮಣ್ಣಿನ ವಾಸನೆ. ಮಗಳನ್ನು ಕರೆದು ನಿನಗೇನಾದರೂ ವಾಸನೆ ಬರುತ್ತಿದೆಯಾ ಎಂದು ಕೇಳಿದೆ. ಅವಳು ಮೂಗೆಳೆದು, ಇಲ್ಲ ಎಂದಳು. ಮೂಗೆಳೆಯುವ ಮೊದಲೇ ಉತ್ತರ ಯೋಚಿಸಿಕೊಂಡಿದ್ದಳೇನೋ ಅನ್ನಿಸಿತು. ಕೆಲವು ದಿನಗಳಿಂದ ಅವಳು ಪುಸ್ತಕಗಳನ್ನು ನಡುಮನೆಗೇ ತಂದು ಓದುತ್ತಿದ್ದಳು.

ಹೀಗಿರುವಾಗ ಅಕ್ಕ ಬಂದಳು. ಅವಳು ನನಗಿಂತ ಬಹಳ ದೊಡ್ಡವಳು. ಮಡಕಶಿರದ ಪಕ್ಕದ ಹಳ್ಳಿಗೆ ಕೊಟ್ಟಿದ್ದಾರೆ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾಳೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಳ್ಳಾರಿಯಲ್ಲಿ ತೋರಿಸೋಣವೆಂದು ನಾನೇ ಒತ್ತಾಯಿಸಿ ಕರೆದಿದ್ದೆ. ಪಾವಗಡದಲ್ಲೊಮ್ಮೆ, ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ನನ್ನ ಮುಖವನ್ನು ಕೈಯಿಂದ ಸವರಿ, ಇಳಿದುಹೋಗಿದ್ದೀಯ ಎಂದಳು.

ಅವಳ ಹಾಸಿಗೆಯನ್ನು ಮಗಳ ಕೋಣೆಯಲ್ಲಿ ಹಾಕಿದ್ದೆ. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಅವಳು ನೆಲದಲ್ಲಿ ಕೂತು ಆ ಕ್ಯಾನ್ವಾಸನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಳು. ದುಪ್ಪಡಿ ಮಡಚಿಡಲು ಜಾಗ ತಡವುವಾಗ ಕೈಗೆ ಸಿಕ್ಕಿತಂತೆ. ಅವಳಿಗೆ ಅದು ಕಣ್ಣಿಗೆ ಮಸುಕು ಮಸುಕು. ಕೈಯಿಂದ ಮೇಲಿನಿಂದ ಕೆಳಗೆ, ಒಂದೊಂದೇ ಕಮಾನಿನ ಮೇಲೆ ಬೆರಳು ಎಳೆಯುತ್ತಿದ್ದಳು. ಅವಳ ಉಂಗುರ ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿತ್ತು.

"ಇದ್ನ ಯಾರು ಮೆತ್ತಿದ್ದು?" ಎಂದು ಕೇಳಿದಳು.

ನಾನೇ ಎಂದೆ. ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ, ಸದ್ದು, ವಾಸನೆ, ಹೊಲಿಗೆಯಿಲ್ಲದ ದುಪ್ಪಡಿ. ಅವ್ವ ನನ್ನ ಕೈಯೊಳಗೆ ಬಂದುಬಿಟ್ಟಿದ್ದಾಳೆ, ಯಾಕೆಂದು ಗೊತ್ತಾಗುತ್ತಿಲ್ಲ, ನನಗೆ ಹೆದರಿಕೆಯಾಗುತ್ತಿದೆ ಎಂದೆ. ಅಕ್ಕ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅದು ಅವ್ವನ ಗೋಡೆ ಅಲ್ಲ ಕಣೆ," ಎಂದಳು.

ಅವಳು ಹೇಳಿದ್ದು ಇಷ್ಟು. ಅವ್ವ ಸತ್ತ ಮಳೆಗಾಲದಲ್ಲೇ ಆ ಮೂಲೆಯ ಗೋಡೆ ನೆನೆದು, ಮೆತ್ತಿದ ಮಣ್ಣೆಲ್ಲ ಉದುರಿ ಬಿತ್ತು. ನಾನು ಆ ಉದುರಿದ ಹೆಂಟೆಗಳನ್ನು ಎದೆಗವಚಿಕೊಂಡು ಯಾರಿಗೂ ಕೊಡಲಿಲ್ಲವಂತೆ, ಊಟವನ್ನೂ ಮಾಡಲಿಲ್ಲವಂತೆ. ಅಪ್ಪ ಕೂಲಿಗೆಂದು ಊರು ಬಿಟ್ಟು ಹೋಗಿದ್ದ. ಅಕ್ಕನಿಗೆ ಆಗ ಹದಿಮೂರೋ ಹದಿನಾಲ್ಕೋ. ಅಜ್ಜಿ ನನ್ನನ್ನು ತನ್ನೂರಿಗೆ ಕರೆದುಕೊಂಡು ಹೋದಾಗ ಅವಳು ಮಣ್ಣು ಕಲಸಿದಳು. ಬಟ್ಟೆಯ ಚಿಂದಿಯಿಂದ ತನ್ನ ಉಂಗುರ ಬೆರಳನ್ನು ಅಂಗೈಗೆ ಬಿಗಿಯಾಗಿ ಕಟ್ಟಿಕೊಂಡು, ಅವ್ವ ಎಳೆಯುತ್ತಿದ್ದ ಹಾಗೆಯೇ ಇಡೀ ಗೋಡೆ ಮೆತ್ತಿದಳು.

"ನೀನು ವಾಪಸ್ ಬಂದು ಗೋಡೆ ಮ್ಯಾಲೆ ಕೈ ಇಟ್ಟೆ. ಅವ್ವ ಬಂದಿದ್ಲಾ ಅಂತ ಕೇಳ್ದೆ. ನಾನು ಹ್ಞೂ ಅಂದೆ."

ಅಲ್ಲಿಂದ ಮದುವೆಯಾಗಿ ಹೋಗುವ ತನಕ ಪ್ರತಿ ಯುಗಾದಿಗೆ ಮೊದಲು, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ಅವಳೇ ಬೆರಳು ಕಟ್ಟಿಕೊಂಡು ಗೋಡೆ ಮೆತ್ತುತ್ತಿದ್ದಳಂತೆ. ಒಂದು ವರ್ಷ ಕಟ್ಟು ಬಿಚ್ಚಿದ ಮೇಲೂ ಬೆರಳು ನೆಟ್ಟಗಾಗಲಿಲ್ಲ. ಸಂಜೆಯ ತನಕ ಹಾಗೆಯೇ ಮಡಚಿಕೊಂಡಿತ್ತು. ಅವತ್ತು ಅವಳು ಹಿತ್ತಲಲ್ಲಿ ಕೂತು ಒಬ್ಬಳೇ ಅತ್ತಳಂತೆ. ಮಾರನೆಯ ವರ್ಷ ಕಟ್ಟುವುದನ್ನೇ ಬಿಟ್ಟಳು. ಕಟ್ಟದಿದ್ದರೂ ಬೆರಳು ತಾನೇ ಮಡಚಿಕೊಳ್ಳುತ್ತಿತ್ತು.

ಅವಳ ಮೇಲೆ ಸಿಟ್ಟು ಬಂತು, ಆ ಸಿಟ್ಟು ನಿಲ್ಲಲು ಜಾಗವೇ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವ್ವನದೆಂದು ನನ್ನ ಬಳಿ ಇದ್ದದ್ದು ಆ ಗೋಡೆಯ ನೆನಪೊಂದೇ, ಅದೂ ಅವ್ವನದಲ್ಲ.

"ಹಂಗಾರೆ ಅವ್ವನ ಕೈ ಹೆಂಗಿತ್ತು ಅಕ್ಕ?"

ಅಕ್ಕ ತನ್ನ ಕೈಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಂಗೂ ಈಗ ನೆನಪಿಲ್ಲ. ನೆನೆಸ್ಕೊಂಡ್ರೆ ನನ್ ಕೈಯೇ ಕಾಣ್ತೈತೆ," ಎಂದಳು.

ಆ ಮಧ್ಯಾಹ್ನ ಅವಳೇ ಪುಟ್ಟಿ ಇಳಿಸು ಎಂದಳು. ಇನ್ನೊಂದು ಚೌಕಟ್ಟಿಗೆ ಬಟ್ಟೆ ಬಿಗಿದು ಗೋಂದು ಹಚ್ಚಿಟ್ಟದ್ದು ಹಾಗೇ ಉಳಿದಿತ್ತು. ಪುಟ್ಟಿ ಹರಡಿದೆ. ನನ್ನ ಮಣಿಕಟ್ಟಿನ ಮೇಲೆ ಅವಳು ತನ್ನ ಬೆರಳುಗಳನ್ನು ಹಗುರವಾಗಿ ಇಟ್ಟುಕೊಂಡಳು. ನಾನು ಕೈಯೆಳೆದೆ. ಈ ಸಲ ಕಣ್ಣು ತಿರುಗಿಸಲಿಲ್ಲ. ಕೈ ಚಲಿಸಿದ ಕ್ಷಣವೇ ನನ್ನ ಉಂಗುರ ಬೆರಳು ಪುಟ್ಟಿಯಿಂದ ತುಸುವೇ ಮೇಲಕ್ಕೆದ್ದಿತು. ಬೆರಳು ಮೇಲಿದ್ದದ್ದು ಕಂಡಿತು, ಅದನ್ನು ಎತ್ತಿದವಳು ನಾನು ಎಂದು ಮಾತ್ರ ಅನ್ನಿಸಲಿಲ್ಲ. ಚಿಕ್ಕಂದಿನಲ್ಲಿ ಮಲಗುವಾಗಲೆಲ್ಲ ಆ ಗೋಡೆಯ ತಗ್ಗುಗಳಲ್ಲಿ ಬೆರಳಾಡಿಸಿ ಆಡಿಸಿ ಕೈಗೆ ಅದೇ ರೂಢಿ ಬಂದಿರಬೇಕು. ಕಾರಣ ತಿಳಿದರೆ ಹೆದರಿಕೆ ಹೋಗುತ್ತದೆಂದುಕೊಂಡಿದ್ದೆ. ಹೋಗಲಿಲ್ಲ.

ಅಕ್ಕ ನನ್ನ ಉಂಗುರ ಬೆರಳನ್ನು ಹಿಡಿದು ಪುಟ್ಟಿಯೊಳಕ್ಕೆ ಒತ್ತಿದಳು. ಇಬ್ಬರೂ ಸೇರಿ ಎಳೆದೆವು. ನಾಲ್ಕು ಗೆರೆ ಬಂದವು. ಗೆರೆ ಸೊಟ್ಟಗಾದರೂ ಲೆಕ್ಕಿಸದೆ, ಕೆಳಗಿನ ಅಂಚಿನ ತನಕ ಹಾಗೆಯೇ ಎಳೆದು ಮುಗಿಸಿದೆವು. ಕೈ ತೊಳೆಯುವಾಗ ಅವಳು ನನ್ನ ಉಗುರಿನ ಸಂದಿಯ ಪುಟ್ಟಿಯನ್ನು ಕಡ್ಡಿಯಿಂದ ತೆಗೆದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ.

ನಾಲ್ಕು ಗೆರೆಯದಕ್ಕೆ ಕಾವಿ ಬೆರೆಸಿದ ಬಣ್ಣ ಬಳಿದು ಪಡುವಣ ಗೋಡೆಗೆ ನೇತುಹಾಕಿದೆ. ಬಂದವರೆಲ್ಲ ಅದನ್ನೇ ಹೊಗಳುತ್ತಾರೆ. ಮಗಳು ಪುಸ್ತಕಗಳನ್ನು ಮತ್ತೆ ತನ್ನ ಕೋಣೆಗೆ ಒಯ್ದಳು. ಮೂರು ಗೆರೆಯದನ್ನು ಕೆರೆದುಬಿಡುತ್ತೇನೆಂದಾಗ ಅಕ್ಕ ಒಪ್ಪಲಿಲ್ಲ. ಬಣ್ಣವನ್ನೂ ಹಚ್ಚಗೊಡದೆ, ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಊರಿಗೆ ಒಯ್ದಳು. ಬಸ್ಸಿನಲ್ಲಿ ಅದನ್ನು ಮೇಲಿನ ಸಾಮಾನಿನ ಜಾಗಕ್ಕೆ ಹಾಕಲು ಕಂಡಕ್ಟರ್ ಕೇಳಿದರೂ ಕೊಡದೆ ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಳು.

ಆಮೇಲೆ ಬಳ್ಳಾರಿಯ ಡಾಕ್ಟರು ಕೊಟ್ಟ ದಿನಕ್ಕೆ ಅವಳು ಮತ್ತೆ ಬಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡಳು. ಊರಿಗೆ ಹೋದ ಮೇಲೆ ಫೋನು ಮಾಡಿದಳು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ಒಂದೊಂದು ಎಳೆಯೂ ಕಾಣುತ್ತದೆ ಎಂದಳು. ಕ್ಯಾನ್ವಾಸನ್ನು ಎಲ್ಲಿ ಹಾಕಿದ್ದೀಯ ಎಂದು ಕೇಳಿದೆ. ತಾನು ಮಲಗುವ ಕಡೆ, ಕೈಗೆ ಎಟುಕುವ ಹಾಗೆ ಎಂದಳು.

"ಕಣ್ಣು ಬಂದ್ಮೇಲೆ ಅದ್ನ ನೋಡಾಕೆ ಆಗ್ತಿಲ್ಲ. ಕಣ್ ಮುಚ್ಕಂಡೇ ಮುಟ್ತೀನಿ."

ಮುಟ್ಟಿದರೆ ಯಾರ ಕೈ ಅನ್ನಿಸುತ್ತದೆ ಎಂದು ಕೇಳಿದೆ. ಹುಳಕ್ಕೆ ಸೊಪ್ಪು ಹಾಕಬೇಕು, ಆಮೇಲೆ ಮಾತಾಡುತ್ತೇನೆ ಎಂದು ಫೋನಿಟ್ಟಳು. ಆಮೇಲೆ ಅವಳು ಎಷ್ಟೋ ಸಲ ಫೋನು ಮಾಡಿದ್ದಾಳೆ. ಆ ಮಾತನ್ನು ಮಾತ್ರ ಇಬ್ಬರೂ ಎತ್ತಿಲ್ಲ.