ಬೇರೆ ಡಬ್ಬಿಯಲ್ಲಿಟ್ಟ ಲೆನ್ಸು

ಹಳೇ ಲೆನ್ಸನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿದರೆ ಅದು ಮೊದಲು ಹೇಳುವುದೇ ‘ಲೆನ್ಸ್ ಇಲ್ಲ’ ಅಂತ. ಮುಂದೆ ಅಚ್ಚುಬೆಲ್ಲದಷ್ಟು ದಪ್ಪ, ಕೈಗೆ ಭಾರ ಆಗುವಂಥ ಗಾಜು ಕೂತಿರುತ್ತೆ, ಆದರೂ ಪರದೆ ಮೇಲೆ ಅದೇ ಮಾತು. ಹಳೇದಕ್ಕೆ ಕರೆಂಟಿನ ಸಂಬಂಧವೇ ಇಲ್ಲ, ಹೊಸದಕ್ಕೆ ಅದರ ಗುರುತೇ ಹತ್ತಲ್ಲ. ಮೆನು ಒಳಗೆ ಹೋಗಿ, ಲೆನ್ಸ್ ಇಲ್ಲದಿದ್ದರೂ ಪರವಾಗಿಲ್ಲ ಫೋಟೋ ತೆಗಿ ಅಂತ ಒಪ್ಪಿಸಬೇಕು. ಮೊದಲ ಹಳೇ ಲೆನ್ಸು ತಂದಾಗ ಇದು ಗೊತ್ತಿಲ್ಲದೆ ನಾನು ಒಂದು ಸಂಜೆಯೆಲ್ಲ ಬಟನ್ ಒತ್ತಿ ಒತ್ತಿ, ಕೆಟ್ಟಿರೋದನ್ನ ತಂದುಬಿಟ್ಟೆ ಅಂದ್ಕೊಂಡು ರೂಮಿನಲ್ಲಿ ಕೂತಿದ್ದೆ.

ಎರಡನೇ ಲೆನ್ಸು ತಂದಿದ್ದು ಗುಬ್ಬಿಯಿಂದ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಸಾಬರದ್ದೊಂದು ಫೋಟೋ ಸ್ಟುಡಿಯೋ ಇತ್ತು. ನಿಟ್ಟೂರಿನ ಹತ್ತಿರ ನಮ್ಮೂರು. ಹಾಸ್ಟೆಲ್ ಅರ್ಜಿಗೆ ಫೋಟೋ ಬೇಕು ಅಂತ ಅಪ್ಪ ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದ. ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು, ಪಕ್ಕದಲ್ಲಿ ಕನ್ನಡಿ, ಪೌಡರ್ ಡಬ್ಬಿ, ಒಂದೇ ಬಾಚಣಿಗೆ. ಕೋಟು ಹಾಕ್ಕೋ ಅಂದರು ಸಾಬರು. ನಾನು ಅಪ್ಪನ ಮುಖ ನೋಡಿದೆ.

“ಹಾಕ್ಕೋಬೋದಾ ಸಾಬ್ರೆ? ನಾವು ಕಾಲೋನಿಯೋರು” ಅಂದ ಅಪ್ಪ.

“ಫೋಟೋಕ್ ಬಂದೋರೆಲ್ಲ ಹಾಕ್ಕೊಳ್ಳೋದೇ ಅದು ಕಣಪ್ಪ. ತಲೆ ಬಾಚ್ಕೊಳ್ಳಲಾ, ಮುಳ್ಳಂದಿ ಇದ್ದಂಗವ್ನೆ.”

ತೋಳು ಬೆರಳು ದಾಟಿ ಜೋತಾಡ್ತಿತ್ತು. ಕೋಟಿನ ಕಾಲರಿನಲ್ಲಿ ಯಾರ್ಯಾರದೋ ತಲೆಗೆಣ್ಣೆಯ ವಾಸನೆ. ಸೇಟುಗಳದ್ದು, ಮಠದ ಕಡೆಯವರದ್ದು, ಗೌಡರ ಮಕ್ಕಳದ್ದು, ಎಲ್ಲ ಇದ್ದಿರಬೇಕು. ಮೊದಲ ಸಲ ಊರವರ ಬಟ್ಟೆ ನನ್ನ ಮೈ ಮೇಲಿತ್ತು. ಆ ಫೋಟೋದಲ್ಲಿ ನಾನು ಎದೆ ಸೆಟೆಸಿಕೊಂಡು ಕೂತಿದೀನಿ.

ಆ ಹಾಸ್ಟೆಲ್ಲಿಂದಲೇ ಓದಿದ್ದು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಹೇಳ್ಕೊಳ್ಳೋಕೆ ನನಗೇನೂ ಸಂಕೋಚ ಇಲ್ಲ. ಈಗ ಕುಣಿಗಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳ್ತೀನಿ. ಇರೋದು ತುಮಕೂರಿನ ಒಂದು ಮಹಡಿ ರೂಮಿನಲ್ಲಿ, ಒಬ್ಬನೇ. ಮದುವೆ ಆಗಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದರು. ವಾರವೆಲ್ಲ ಪಾಠ ಮಾಡಿದ ಗಂಟಲು ಭಾನುವಾರ ಸಂಜೆ ಹೊತ್ತಿಗೆ ಒಂದು ಮಾತೂ ಆಡದೆ ಹಿಡಕೊಂಡಿರುತ್ತಿತ್ತು. ಕ್ಯಾಮೆರಾ ತಗೊಂಡಿದ್ದು ಅದಕ್ಕೇ.

ಕ್ಯಾಮೆರಾದಿಂದ ಜನ ಸಿಕ್ಕರು. ಹಳೇ ಲೆನ್ಸಿನ ಹುಚ್ಚಿರುವ ನಾಲ್ಕೈದು ಮಂದಿ ಭಾನುವಾರ ಬೆಳಿಗ್ಗೆ ತುಮಕೂರಿನ ಒಂದು ಹೋಟೆಲಿನಲ್ಲಿ ಸೇರುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು, ಬ್ಯಾಂಕಿನಿಂದ ರಿಟೈರ್ ಆದವರು. ಹಲ್ಲಿನ ಡಾಕ್ಟರೊಬ್ಬರು, ಎಲ್ಲದಕ್ಕೂ ನಗಿಸೋರು. ಕಾಫಿ ಆದ ಮೇಲೆ ಎಲ್ಲರೂ ತಮ್ಮ ಲೆನ್ಸು ತೆಗೆದು ಟೇಬಲ್ ನಡುವೆ ಇಡಬೇಕು, ಇನ್ನೊಬ್ಬರದ್ದು ಎತ್ತಿಕೊಳ್ಳಬೇಕು. ಆಮೇಲೆ ಊರ್ಡಿಗೆರೆ ಕಡೆ ಸವಾರಿ. ಯಾರದ್ದೋ ಕಣ್ಣಲ್ಲಿ ನೋಡೋದೇ ಮಜಾ. ನನ್ನ ಹತ್ತಿರ ಆಗ ಇದ್ದ ಒಂದೇ ಹಳೇ ಲೆನ್ಸು ಅವರೆಲ್ಲರ ಕೈಯಲ್ಲೂ ಓಡಾಡುತ್ತಿತ್ತು. ವಾರದಲ್ಲಿ ಆ ಬೆಳಿಗ್ಗೆಗೋಸ್ಕರ ನಾನು ಅಂಗಿ ಇಸ್ತ್ರಿ ಮಾಡಿಸ್ತಿದ್ದೆ.

ಅಷ್ಟರಲ್ಲಿ ಸಾಬರು ಅಂಗಡಿ ಮುಚ್ಚುತ್ತಾರೆ ಅಂತ ಗೊತ್ತಾಗಿ ಗುಬ್ಬಿಗೆ ಹೋದೆ. ಅವರಿಗೆ ನನ್ನ ನೆನಪಿರಲಿಲ್ಲ. ಕೋಟು ಕೇಳಿದೆ.

“ಮಗ್ಳು ಒಗೆಯಕ್ ಹಾಕುದ್ಲು ಸಾ, ನೀರಲ್ಲೇ ಕರಗೋಯ್ತು. ಕೊಳೇನೇ ಅದನ್ನ ಹಿಡ್ಕೊಂಡಿತ್ತು ಅಂತ ಕಾಣುತ್ತೆ.”

ಲೆನ್ಸು ಮಾತ್ರ ಇತ್ತು. ಕೊಂಡು ತಂದೆ. ನನ್ನ ಮುಖ ಮೊದಲು ನೋಡಿದ ಗಾಜು ಇದೇ ಇರಬಹುದು ಅಂತ ನನಗೆ ಆಸೆ.

ಮುಂದಿನ ಭಾನುವಾರ ಅದನ್ನ ಟೇಬಲ್ ಮೇಲಿಟ್ಟು ಈ ಕಥೆಯೆಲ್ಲ ಹೇಳಿದೆ. ಕೋಟು, ಅಪ್ಪ ಕೇಳಿದ ಮಾತು, ಯಾವ ಹಾಸ್ಟೆಲ್ ಅನ್ನೋದು, ಏನೂ ಮುಚ್ಚಿಡಲಿಲ್ಲ. ಹಿರಿಯರು ಲೆನ್ಸೆತ್ತಿ ಮೊಬೈಲ್ ಟಾರ್ಚ್ ಹಾಕಿ ನೋಡಿದರು.

“ಬೇಜಾರು ಮಾಡ್ಕೋಬೇಡಿ ಸರ್, ಒಳಗೆ ಫಂಗಸ್ ಇದೆ.”

ನಾನೂ ನೋಡಿದೆ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಸಣ್ಣ ಸಣ್ಣ ಎಳೆ.

“ಇದನ್ನ ಬೇರೆ ಇಟ್ಬಿಡಿ. ಜೊತೇಲಿದ್ರೆ ಉಳಿದಿದ್ದಕ್ಕೂ ಹತ್ತುತ್ತೆ.”

“ಹಲ್ಲಿನ ಹುಳುಕಾದ್ರೆ ಕಿತ್ತು ಹಾಕಬಹುದಿತ್ತು ಕಣ್ರೀ” ಅಂದರು ಡಾಕ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತು ನನ್ನ ಇನ್ನೊಂದು ಲೆನ್ಸನ್ನೂ ಯಾರೂ ಎತ್ತಿಕೊಳ್ಳಲಿಲ್ಲ. ಅದೂ ಅದೇ ಬ್ಯಾಗಿನಲ್ಲಿ ಬಂದಿತ್ತಲ್ಲ.

ಅದರ ಮುಂದಿನ ವಾರ ಹಿರಿಯರು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟರು. ಒಳಗೆ ತೇವ ಹೀರುವ ಪುಟ್ಟ ಪೊಟ್ಟಣಗಳು. “ನಿಮಗೋಸ್ಕರನೇ ತಂದೆ. ಇದರಲ್ಲೇ ಇಡಿ, ಬೇರೆ ಯಾವುದ್ರ ಜೊತೆಗೂ ಬೇಡ.” ಪ್ರೀತಿಯಿಂದಲೇ ಕೊಟ್ಟರು.

ನಮ್ಮೂರ ಹೋಟೆಲಿನಲ್ಲಿ ಅಪ್ಪನ ಲೋಟ ಬೇರೆ ಇತ್ತು. ಹೊರಗಡೆ ತಡಿಕೆಯ ಸಂದಿಗೆ ಸಿಕ್ಕಿಸಿರೋರು. ತಾನೇ ತಗೊಂಡು, ಟೀ ಹುಯ್ಯಿಸ್ಕೊಂಡು, ಕುಡಿದು, ತಾನೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಹೋಟೆಲಿನವನು ಕೆಟ್ಟವನೇನಲ್ಲ. ಅಪ್ಪನ ಯೋಗಕ್ಷೇಮವನ್ನೆಲ್ಲ ವಿಚಾರಿಸುತ್ತಿದ್ದ.

ಫಂಗಸ್ ಇದ್ದದ್ದು ನಿಜ. ಬೇರೆ ಇಡಬೇಕು ಅನ್ನೋದನ್ನ ಬಲ್ಲವರೆಲ್ಲ ಹೇಳ್ತಾರೆ. ಹಾಗಾಗಿ ನನ್ನ ಮನಸ್ಸಿಗೆ ನಾನೇ ಬುದ್ಧಿ ಹೇಳಿ, ಲೆನ್ಸನ್ನ ಬೆಂಗಳೂರಿಗೆ ಕ್ಲೀನಿಂಗಿಗೆ ಕಳಿಸಿದೆ. ಬಿಚ್ಚಿ, ತೊಳೆದು, ಕೊಟ್ಟರು. ಟಾರ್ಚ್ ಹಿಡಿದರೆ ಆಚೆ ಕಡೆ ತನಕ ಏನೂ ಇಲ್ಲ, ಬರೀ ಬೆಳಕು.

ಭಾನುವಾರ ತಗೊಂಡು ಹೋದೆ. ಹಿರಿಯರು ತಿರುಗಿಸಿ ತಿರುಗಿಸಿ ನೋಡಿದರು.

“ಫಸ್ಟ್ ಕ್ಲಾಸ್ ಆಗಿದೆ ಸರ್.”

ಹಾಗಂದರೂ ಟೇಬಲ್ ನಡುವೆ ಇಡಲಿಲ್ಲ. ನನ್ನ ಮುಂದೆ ಇಟ್ಟರು. “ಇದು ನಿಮ್ಮ ಹತ್ರಾನೇ ಇರಲಿ. ಒಂದ್ಸಲ ಬಂದದ್ದು ಒಳಗೆಲ್ಲೋ ಇದ್ದೇ ಇರುತ್ತೆ.”

ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಕೇಳಿಬಿಟ್ಟೆ. “ಸರ್, ನೀವು ಹೇಳ್ತಿರೋದು ಲೆನ್ಸಿನ ವಿಷಯನಾ, ನನ್ನ ವಿಷಯನಾ?”

ಡಾಕ್ಟರು ಸಕ್ಕರೆ ಕರಗಿದ್ದ ಕಾಫಿಯನ್ನ ಇನ್ನೂ ಕಲಕುತ್ತಾ ಇದ್ದರು.

“ಛೆ, ಏನ್ ಸರ್ ಇದು” ಅಂದರು ಹಿರಿಯರು. “ಎಲ್ಲಿಂದ ಎಲ್ಲಿಗೋ ಹೋಗ್ತೀರಲ್ಲ. ನಾವೆಲ್ಲ ಓದಿರೋರು.”

“ಓದಿರೋನು ನಾನೂ.”

ಕಾಫಿ ಕುಡಿದು, ನನ್ನ ಎರಡೂ ಲೆನ್ಸು ಎತ್ತಿಕೊಂಡು ಎದ್ದು ಬಂದೆ. ಅವರ ಮನಸ್ಸಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬರೀ ಫಂಗಸ್ಸೇ ಇದ್ದಿರಬಹುದು. ಗೊತ್ತಿಲ್ಲದೆ ಇರೋದೇ ಇದರಲ್ಲಿ ಕಷ್ಟ. ಅಪ್ಪನಿಗೆ ತನ್ನ ಲೋಟ ಯಾವುದು ಅನ್ನೋದಾದ್ರೂ ಗೊತ್ತಿತ್ತು. ವಾಟ್ಸಾಪ್ ಗ್ರೂಪಿನಿಂದ ನನ್ನನ್ನ ಯಾರೂ ತೆಗೆಯಲಿಲ್ಲ. ಈ ವಾರ ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ ಮೆಸೇಜು ಬರುತ್ತಲೇ ಇತ್ತು. ನಾನು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಫೋನ್ ಮಾಡಲಿಲ್ಲ. ಕೇಳಿದ್ದು ತಪ್ಪಾಯ್ತು ಅಂತ ನನಗೆ ಅನ್ನಿಸಿಲ್ಲ. ಕೇಳಿದ್ದಕ್ಕೆ ಭಾನುವಾರಗಳು ಹೋದವು, ಅಷ್ಟೆ.

ರೂಮಿನಲ್ಲಿ ಕೂರಲಾರದೆ ಒಂದು ಭಾನುವಾರ, ಕೆಲಸದ ದಿನದ ಬಸ್ಸೇ ಹತ್ತಿ ಕುಣಿಗಲ್ ಕೆರೆಗೆ ಹೋದೆ. ಸಾಬರ ಲೆನ್ಸಿನಲ್ಲಿ ನನ್ನದೊಂದು ಫೋಟೋ ಬೇಕಿತ್ತು. ಈ ಲೆನ್ಸು ತಾನಾಗಿ ಫೋಕಸ್ ಮಾಡಲ್ಲ, ಉಂಗುರವನ್ನ ಕೈಯಲ್ಲೇ ತಿರುಗಿಸಬೇಕು. ತಿರುಗಿಸೋಕೆ ಎದುರಿಗೆ ಯಾರಾದರೂ ಕೂತಿರಬೇಕು. ಏರಿಯ ಕಲ್ಲಿನ ಮೇಲೆ ನೀರಿನ ಬಾಟಲಿ ಇಟ್ಟು, ಅದಕ್ಕೆ ಫೋಕಸ್ ಮಾಡಿ, ಟೈಮರ್ ಹಾಕಿ, ಓಡಿ ಹೋಗಿ ಅದರ ಹಿಂದೆ ಕೂತೆ. ಬಾಟಲಿಯ ಮುಚ್ಚಳದ ಗೀರೂ ಕಾಣ್ತಿತ್ತು, ನಾನು ಮಸುಕು.

ಎಮ್ಮೆ ಹೊಡ್ಕೊಂಡು ಬಂದವನೊಬ್ಬ ನಿಂತು ನೋಡಿದ. “ಯಾರ್ನ ಹಿಡೀತಿದೀರಾ ಸಾ?”

“ನನ್ನನ್ನೇ.”

“ಒಬ್ರೇ ಬಂದ್ರಾ?”

“ಹೂಂ.”

“ಹಂಗಾರೆ ಹಿಡ್ಕಳಿ ಬುಡಿ” ಅಂತ ಎಮ್ಮೆ ಹಿಂದೆ ಹೋದ.

ಜೇಬಿನಲ್ಲಿ ಸೀಮೆಸುಣ್ಣ ಇತ್ತು. ಕಲ್ಲಿನ ಮೇಲೆ ಗೆರೆ ಎಳೆದು, ಗೆರೆಯ ಮೇಲೇ ಬಾಟಲಿ ಇಟ್ಟು ಫೋಕಸ್ ಮಾಡಿ, ಬಾಟಲಿ ಎತ್ತಿಟ್ಟು, ಎದೆ ಗೆರೆಗೆ ಸರಿಯಾಗಿ ಬರೋ ಹಾಗೆ ಕೂತೆ. ಬಿಸಿಲು ಏರೋ ತನಕ ಓಡೋದು, ಕೂರೋದು, ಎದ್ದು ಬಂದು ನೋಡೋದು. ಕೊನೆಗೊಂದರಲ್ಲಿ ಮುಖ ಸಿಕ್ಕಿತು. ಎದೆ ಸೆಟೆಸಿಕೊಂಡಿದೀನಿ, ಹಾಸ್ಟೆಲ್ ಫೋಟೋದ ಥರವೇ. ಹಿಂದೆ ಕೆರೆ, ಪಕ್ಕದಲ್ಲಿ ಯಾರೂ ಇಲ್ಲ.

ಹಿರಿಯರು ಕೊಟ್ಟ ಡಬ್ಬಿ ಒಳ್ಳೇದು, ಗಾಳಿ ಹೋಗಲ್ಲ. ಅದರಲ್ಲಿ ಹುರಿದ ಕಡ್ಲೆಬೀಜ ಹಾಕಿಟ್ಟಿದೀನಿ. ಎರಡೂ ಲೆನ್ಸು ಒಂದೇ ಬ್ಯಾಗಿನಲ್ಲಿವೆ. ಆಗಾಗ ಟಾರ್ಚ್ ಹಾಕಿ ನೋಡ್ತೀನಿ. ಇನ್ನೂ ಯಾವುದಕ್ಕೂ ಏನೂ ಹತ್ತಿಲ್ಲ.